ಕಣ್ಣು ಬಿಡದ ಪತ್ರಾ

ಹೋದ ತಿಂಗಳು ಕುರಿ ಸಾಗಿಸುವ ಒಂದು ಪಿಕಪ್ ನನ್ನ ವರ್ಕ್‌ಶಾಪಿಗೆ ಬಂತು. ಗಾಡಿಯ ಹೊಟ್ಟೆಯ ಕೆಳಗೆ ಏನೋ ಉಜ್ಜುವ ಸದ್ದು ಬರುತ್ತಿದೆ ಎಂದು ಮಾಲೀಕ ಹೇಳಿದ. ನಾನು ಹಳೆಯ ಚೀಲ ಹಾಸಿಕೊಂಡು ಅಡಿಗೆ ಸರಿದೆ. ಒಂದು ಬೋಲ್ಟು ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ಅದಕ್ಕೆ ಗ್ಯಾಸಿನ ಉರಿ ಹಿಡಿದೆ. ಮೇಲೆಲ್ಲೋ ಕುರಿಯ ಉಣ್ಣೆ ಸಿಕ್ಕಿಕೊಂಡಿತ್ತು, ಅದಕ್ಕೆ ಹಳೆಯ ಆಯಿಲ್ ಅಂಟಿತ್ತು. ಎರಡೂ ಒಟ್ಟಿಗೆ ಸುಟ್ಟವು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಉರಿ ಆರಿಸಿ ಹೊರಗೆ ಬಂದುಬಿಟ್ಟೆ. "ಏನಾತ್ರಿ?" ಎಂದ ಮಾಲೀಕ. "ಏನಿಲ್ಲ, ಹೊಗಿ ಕುಡದೆ" ಎಂದೆ. ಸುಳ್ಳು ಹೇಳುವುದರಲ್ಲಿ ನಾನು ಮೊದಲಿನಿಂದಲೂ ಚುರುಕು. ಎಷ್ಟು ಚುರುಕು ಎಂಬುದನ್ನೇ ಇಲ್ಲಿ ಬರೆಯಲು ಹೊರಟಿದ್ದೇನೆ.

ಇದು ಮೂರು ವರ್ಷದ ಹಿಂದಿನ ಮುಂಗಾರಿನ ಮಾತು. ಮಿರಗದ ಮಳೆ ಒಂದೆರಡು ಸಲ ಬಿದ್ದು, ಆಮೇಲೆ ಬರೀ ಗಾಳಿ ಹಿಡಿದುಕೊಂಡಿತ್ತು. ಮಹಾರಾಷ್ಟ್ರದ ಗಡಿಯೊಳಗಿರುವ ನಮ್ಮ ಜತ್ತ ತಾಲೂಕಿನಲ್ಲಿ ಆಷಾಢದ ಗಾಳಿ ಎಂದರೆ ಶೆಡ್ಡಿನ ಪತ್ರಾ ಹಾರಿಹೋಗದಂತೆ ಮೇಲೆ ಕಲ್ಲು ಹೇರಬೇಕಾಗುತ್ತದೆ. ತಗಡಿಗೆ ನಾವು ಪತ್ರಾ ಎನ್ನುತ್ತೇವೆ, ದಪ್ಪ ಇರಲಿ ತೆಳು ಇರಲಿ. ಮಾಡಗ್ಯಾಳದ ರಸ್ತೆಯಲ್ಲಿ ಜತ್ತ ಊರು ಮುಗಿದ ಮೇಲೆ ಎಡಕ್ಕೆ ನನ್ನ ವರ್ಕ್‌ಶಾಪು. ಟ್ರ್ಯಾಲಿ, ಗೇಟು, ದ್ರಾಕ್ಷಿ ತೋಟದ ಕಬ್ಬಿಣದ ಕಂಬ, ನೀರಿನ ಟಾಕಿಯ ಸ್ಟ್ಯಾಂಡು, ಯಾರು ಏನು ಕೇಳಿದರೂ ಮಾಡಿಕೊಡುತ್ತೇನೆ. ಕೆಲಸ ಬರುತ್ತದೆ ಎಂಬ ಸೊಕ್ಕು ಆಗ ತುಸು ಜಾಸ್ತಿಯೇ ಇತ್ತು.

ಆ ಆಷಾಢದ ಒಂದು ಮುಂಜಾನೆ ಡಾಕ್ಟರ್ ಬಾಯಾರ ಜೀಪು ಬಂದು ನಿಂತಿತು. ಬಾಯಾರು ಎಂದರೆ ಕುರಿ, ದನ ನೋಡುವ ಡಾಕ್ಟರಮ್ಮ. ಬಾಗಲಕೋಟೆ ಕಡೆಯವರು, ಜತ್ತಕ್ಕೆ ಸೊಸೆಯಾಗಿ ಬಂದು ಆಗ ಇನ್ನೂ ವರ್ಷ ತುಂಬಿರಲಿಲ್ಲ. ನಮ್ಮ ಕುರಿಹಟ್ಟಿಗಳು ರಸ್ತೆಯ ಪಕ್ಕದಲ್ಲಿ ಇರುವುದಿಲ್ಲ. ಗುಡ್ಡ ಹತ್ತಿ, ಹಳ್ಳ ಇಳಿದು, ಕಲ್ಲಿನ ಮೇಲೆ ಕುಣಿಯುತ್ತ ಹೋಗಬೇಕು. ಅದಕ್ಕೆಂದೇ ಅವರು ನಾಲ್ಕೂ ಗಾಲಿ ಎಳೆಯುವ ಹಳೆಯ ಜೀಪೊಂದನ್ನು ಕೊಂಡಿದ್ದರು. ಅದನ್ನು ಹೊಡೆಯುತ್ತಿದ್ದವರು ಬೀರಪ್ಪ ಕಾಕಾ.

ಕಾಕಾ ಸೋನ್ಯಾಳದವರು. ಕುರಿಗಾರರ ಮನೆಯಲ್ಲಿ ಹುಟ್ಟಿ, ಹರೆಯದಲ್ಲಿ ಮಿರಜಕ್ಕೆ ಹೋಗಿ, ಲಾರಿಯ ಕ್ಲೀನರ್ ಆಗಿ, ಮರಾಠಿ ಉಸ್ತಾದನ ಕೈಯಲ್ಲಿ ಡ್ರೈವಿಂಗ್ ಕಲಿತವರು. ಹೀಗಾಗಿ ಕುರಿಯ ಮಾತು ಬಂದರೆ ಅವರ ಬಾಯಲ್ಲಿ ಅಚ್ಚ ಕನ್ನಡ, ಗಾಡಿಯ ಮಾತು ಬಂದರೆ ಅರ್ಧಕ್ಕರ್ಧ ಮರಾಠಿ. ನಮ್ಮ ಕಡೆ ಇದು ಯಾರಿಗೂ ವಿಶೇಷ ಅನ್ನಿಸುವುದಿಲ್ಲ. ನಾನೂ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಕಬ್ಬಿಣದ ಅಂಗಡಿಯಲ್ಲಿ ಎರಡರ ಕಲಸುಮೇಲೋಗರ.

ಕಾಕಾರಿಗೆ ಒಂದು ರೂಢಿ ಇತ್ತು. ಮುಂಜಾನೆ ಜೀಪನ್ನು ಅದರದೇ ಉದ್ದದಷ್ಟು ಮುಂದೆ ತಂದು ನಿಲ್ಲಿಸಿ, ಕೆಳಗಿಳಿದು, ಅದು ಮೊದಲು ನಿಂತಿದ್ದ ನೆಲವನ್ನು ನೋಡುತ್ತಿದ್ದರು. ಕುಕ್ಕರುಗಾಲಿನಲ್ಲಿ ಕೂತು ಮಣ್ಣು ಮುಟ್ಟಿ, ಬೆರಳನ್ನು ಮೂಗಿಗೆ ಹಿಡಿಯುತ್ತಿದ್ದರು. ಕರಿ ಹನಿಯಾದರೆ ಎಂಜಿನ್ನಿನದು, ದಪ್ಪಗೆ ಘಾಟು ವಾಸನೆಯಾದರೆ ಗೇರಿನದು, ಬರೀ ಒದ್ದೆಯಾದರೆ ನೀರು. ಕುರಿಗಾರರು ಹಿಂಡು ಎಬ್ಬಿಸಿದ ಮೇಲೆ ಹೀಗೆಯೇ ನೆಲ ನೋಡುತ್ತಾರೆ. ಎಲ್ಲಿ ಹಿಕ್ಕೆ ತೆಳ್ಳಗಾಗಿದೆ, ಎಲ್ಲಿ ರಕ್ತ ಬಿದ್ದಿದೆ ಎಂದು ನೋಡಿ, ಯಾವ ಕುರಿಗೆ ಏನಾಗಿದೆ ಎಂದು ತಿಳಿಯುತ್ತಾರೆ.

ನಾನೊಮ್ಮೆ ನಕ್ಕದ್ದಕ್ಕೆ ಕಾಕಾ ಹೇಳಿದ್ದರು: "ನಂಗ ಹೊಟ್ಟಿ ನೂಸತೈತಿ ಅಂತ ಕುರಿ ಬಾಯಿ ಬಿಟ್ಟ ಹೇಳತೈತೇನು? ಮಲಗಿದ ಜಾಗಾ ನೋಡಬೇಕು. ಗಾಡೀದೂ ಹಂಗ." ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಸ್ಟೇರಿಂಗ್ ಹಿಡಿದಿದ್ದರು, ಒಂದು ಎಂಜಿನ್ನೂ ಅವರ ಕೈಯಲ್ಲಿ ಕೆಟ್ಟಿರಲಿಲ್ಲ. ಆ ಮಾತನ್ನು ಅವರು ತಾವಾಗಿ ಹೇಳಿಕೊಳ್ಳುತ್ತಿರಲಿಲ್ಲ, ಉಳಿದವರು ಹೇಳುತ್ತಿದ್ದರು. ಅದೇ ಅವರ ಹೆಸರು.

ಆ ಮುಂಜಾನೆ ಬಾಯಾರು ಬಂದದ್ದು ಚೇಂಬರಿನ ತಕರಾರಿಗೆ. ಎಂಜಿನ್ನಿನ ಅಡಿಯಲ್ಲಿ ಆಯಿಲ್ ತುಂಬಿರುವ ಡಬ್ಬಿಗೆ ಚೇಂಬರ್ ಎನ್ನುತ್ತಾರೆ. ಹಟ್ಟಿಯ ದಾರಿಯಲ್ಲಿ ಕಲ್ಲು ಬಡಿದು ಅದು ಎರಡನೇ ಸಲ ಸೀಳಿ, ಆಗಷ್ಟೇ ಬೆಸುಗೆ ಹಾಕಿಸಿಕೊಂಡಿತ್ತು. ಬಾಯಾರು ಮೊಬೈಲ್ ತೆಗೆದು ಒಂದು ವಿಡಿಯೋ ತೋರಿಸಿದರು. ಅದರಲ್ಲಿ ಒಂದು ಜೀಪಿನ ಹೊಟ್ಟೆಗೆ ಉದ್ದಕ್ಕೂ ಬೆಳ್ಳಗೆ ಹೊಳೆಯುವ ಕವಚ ಹೊದಿಸಿದ್ದರು.

"ಇಂಥಾವು ಪುಣೇದಾಗ ರೆಡಿ ಸಿಗತಾವಂತ ಮಲ್ಲಪ್ಪ. ಅಲ್ಯೂಮಿನಿಯಂದು. ಬರಾಕ ಎರಡ ತಿಂಗಳ ಬೇಕಂತ."

"ಎರಡ ತಿಂಗಳ ಯಾಕ್ರಿ ಬಾಯಾರ? ಎಂಟ ದಿನದಾಗ ನಾ ಮಾಡಿಕೊಡ್ತೀನಿ. ಅದರ ಅಪ್ಪನಂಥಾದ್ದ."

ಅದಕ್ಕೂ ಮೊದಲು ಅಂಥದ್ದನ್ನು ನಾನು ಒಂದೂ ಮಾಡಿರಲಿಲ್ಲ. ಬಾಯಾರು ನನ್ನ ಮಾತಿನ ಮೇಲೆ ಭರವಸೆ ಇಟ್ಟು, ಜೀಪನ್ನೂ ಕಾಕಾರನ್ನೂ ಬಿಟ್ಟು ಮನೆಗೆ ನಡೆದರು.

ನಾನೂ ಕಾಕಾ ಇಬ್ಬರೂ ಜೀಪಿನ ಅಡಿಯಲ್ಲಿ ಮಲಗಿ ಲೆಕ್ಕ ಹಾಕಿದೆವು. ಅಲ್ಯೂಮಿನಿಯಂ ಹಗುರ, ಕಲ್ಲಿನ ಮೇಲೆ ಜಾರುತ್ತದೆ, ಆದರೆ ಅದನ್ನು ಬೆಸೆಯುವ ಯಂತ್ರ ನನ್ನಲ್ಲಿ ಇರಲಿಲ್ಲ. ಎರಡು ಎಂಎಂ ಕಬ್ಬಿಣ ಒಂದು ಹೊಡೆತಕ್ಕೆ ಬಾಗುತ್ತದೆ. ಮೂರು ಎಂಎಂ ಪತ್ರಾ ಹಾಕಿ, ಒಳಗಡೆ ಪಟ್ಟಿ ಬೆಸೆದು ಬಲ ಕೊಡು, ಭಾರ ಕಡಿಮೆಯಾಗುತ್ತದೆ ಎಂದರು ಕಾಕಾ. ನಾನು ಐದು ಎಂಎಂ ಎಂದೆ. ಚೇಂಬರಿಗೆ, ಗೇರ್‌ಬಾಕ್ಸಿಗೆ, ಡೀಸೆಲ್ ಟಾಕಿಗೆ ಬೇರೆಬೇರೆ ಮೂರು ತುಂಡು ಮಾಡು, ಒಂದನ್ನು ಬಿಚ್ಚಿದರೆ ಉಳಿದವು ಇರಲಿ ಎಂದರು. ನಾನು ಚೇಂಬರಿಗೂ ಗೇರ್‌ಬಾಕ್ಸಿಗೂ ಸೇರಿಸಿ ಒಂದೇ ಎಂದೆ. ಪತ್ರಾಕ್ಕೂ ಚೇಂಬರಿಗೂ ನಡುವೆ ನಾಲ್ಕು ಬೆರಳು ಸಂದು ಇರಲಿ ಎಂದರು. ಅಷ್ಟು ಕೆಳಗೆ ಇಳಿಸಿದರೆ ಅದೇ ಕಲ್ಲಿಗೆ ತಾಗುತ್ತದೆ, ಎರಡು ಬೆರಳು ಸಾಕು ಎಂದೆ. ಒಂದೇ ಒಂದು ಮಾತನ್ನು ಮಾತ್ರ ಒಪ್ಪಿಕೊಂಡೆ. ಚಾಸಿಯ ಮೇಲೆ ವೆಲ್ಡಿಂಗ್ ಮಾಡಬಾರದು, ಇರುವ ತೂತುಗಳಲ್ಲೇ ಬೋಲ್ಟು ಹಾಕಬೇಕು. ಅದು ನನಗೆ ಮೊದಲೇ ಗೊತ್ತಿತ್ತು, ಅದಕ್ಕೇ ಒಪ್ಪಿದೆ.

ಕೊನೆಗೆ ಕಾಕಾ ಬೆರಳು ಮೇಲೆತ್ತಿ ಚೇಂಬರಿನ ನಟ್ಟು ತೋರಿಸಿದರು. ಹಳೆಯ ಆಯಿಲ್ ಇಳಿಸಲು ಬಿಚ್ಚುವ ನಟ್ಟು ಅದು.

"ಇದರ ಖಾಲಿ ಒಂದ ಕಣ್ಣ ಬಿಡು ತಮ್ಮಾ. ಬಟ್ಟಲದಷ್ಟ. ಆಯಿಲ್ ಇಳಸಾಕೂ ಆತು, ಹನಿ ಬಿದ್ರ ನೆಲಕ್ಕ ಬೀಳತೈತಿ, ನನಗ ಕಾಣತೈತಿ."

ಮರಾಠಿಯಲ್ಲಿ ಖಾಲಿ ಎಂದರೆ ಕೆಳಗೆ. ಕನ್ನಡದಲ್ಲಿ ಖಾಲಿ ಎಂದರೆ ಏನೆಂದು ನಿಮಗೆ ಗೊತ್ತೇ ಇದೆ. ಕಾಕಾ ಹೇಳಿದ್ದು ಅಡಿಯಲ್ಲಿ ಒಂದು ತೂತು ಬಿಡು ಎಂದು. ನನಗೆ ಅರೆಕ್ಷಣವೂ ಗೊಂದಲ ಆಗಲಿಲ್ಲ. ಸೀಮೆಸುಣ್ಣದ ಖಡು ತೆಗೆದು, ಪತ್ರಾದ ಮೇಲೆ ಆ ನಟ್ಟಿನ ನೇರಕ್ಕೆ ಸರಿಯಾಗಿ ಒಂದು ದುಂಡು ಗೆರೆ ಎಳೆದೆ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಮುಂದೆ ನಾನು ಆಡಿದ ಆಟಕ್ಕೆ ಈ ಗೆರೆಯೇ ಸಾಕ್ಷಿ.

ಗೆರೆ ಎಳೆದೆ, ಆದರೆ ಕೊರೆಯಲಿಲ್ಲ. ಐದು ಎಂಎಂ ಪತ್ರಾದಲ್ಲಿ ಬಟ್ಟಲಗಲ ಕಣ್ಣು ಬಿಡಲು ಕಾಲು ತಾಸು ಸಾಕು. ಆದರೆ ಬೆಸುಗೆ ಮುಗಿದು, ಅಂಚು ಉಜ್ಜಿ, ಕರಿ ಬಣ್ಣ ಹೊಡೆದು ನಿಲ್ಲಿಸಿದಾಗ ಅದು ಅಷ್ಟು ಚೆಂದ ಕಂಡಿತು, ಎಮ್ಮೆಯ ಮೈಯಂತೆ ಮಿರಮಿರ ಹೊಳೆಯುತ್ತಿತ್ತು. ಅದಕ್ಕೆ ತೂತು ಹೊಡೆಯಲು ಮನಸ್ಸಾಗಲಿಲ್ಲ. ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದೆ. ಸಂಜೆಯೊಳಗೆ ನಾಲ್ಕು ಜನ ಫೋನ್ ಮಾಡಿ ಹೊಗಳಿದರು. ಜೊತೆಗೆ ಬೋಲ್ಟಿನ ತಲೆ ಕಲ್ಲಿಗೆ ಸಿಗಬಾರದೆಂದು ಅವನ್ನು ಪತ್ರಾದ ಮಟ್ಟಕ್ಕೆ ಉಜ್ಜಿಬಿಟ್ಟೆ. ಬೋಲ್ಟು ತಿರುಗಿಸುವ ಪಾನಾ ಹಿಡಿಯಲು ಏನೂ ಉಳಿಯಲಿಲ್ಲ. ಒಮ್ಮೆ ಕೂರಿಸಿದ ಮೇಲೆ ಅದನ್ನು ಬಿಚ್ಚಬೇಕೆಂದರೆ ಕತ್ತರಿಸಬೇಕು. ಇದನ್ನು ಯಾರಿಗೂ ಹೇಳಲಿಲ್ಲ.

ಜೀಪು ಒಯ್ಯಲು ಬಂದ ಕಾಕಾ ಅಡಿಗೆ ಬಗ್ಗಿ ನೋಡಿ, "ಕಣ್ಣ ಎಲ್ಲಿ?" ಎಂದರು.

"ನಾಳೆ ಬರ್ರಿ ಕಾಕಾ, ಹೊಡಕೊಡ್ತೀನಿ."

ಅವರು ನಾಳೆ ಬಂದರು. ಡ್ರಿಲ್ಲಿನ ಬಿಟ್ಟು ಮುರಿದಿದೆ ಎಂದೆ. ಮುರಿದಿರಲಿಲ್ಲ. ಮುಂದಿನ ವಾರ ಮತ್ತೆ ಬಂದರು. ಕೈಯಲ್ಲಿ ಟೋಪಿ ಹಿಡಿದುಕೊಂಡು ಹೇಳಿದರು: "ಜಾಗಾ ದಿನಾ ಸ್ವಚ್ಛ ಇರತೈತಿ ಮಲ್ಲಪ್ಪಾ. ನಂಗ ಅಂಜಿಕಿ ಬರಾಕತ್ತೈತಿ."

"ಹೊಲಸ ಇದ್ರೂ ಅಳತೀರಿ, ಸ್ವಚ್ಛ ಇದ್ರೂ ಅಳತೀರಿ. ಎಂಥಾ ಮಂದೀರಿ ನೀವು!" ಎಂದು ನಾನು ಗಟ್ಟಿಯಾಗಿ ನಕ್ಕೆ. ಶೆಡ್ಡಿನಲ್ಲಿ ಕೂತಿದ್ದ ಗಿರಾಕಿಗಳೂ ನಕ್ಕರು. ಆಮೇಲೆ ಕಾಕಾ ಕಣ್ಣಿನ ಮಾತು ಎತ್ತಲಿಲ್ಲ. ದಿನವೂ ಗೇಜಿನ ಕಡ್ಡಿ ಎಳೆದು ಆಯಿಲ್ ನೋಡುತ್ತಿದ್ದರು, ನೆಲವನ್ನೂ ನೋಡುತ್ತಿದ್ದರು. ಬಾಯಾರಂತೂ ಖುಷಿಯಾಗಿದ್ದರು. ಬಿಳೂರ ಕಡೆಯ ಹಳ್ಳದಲ್ಲಿ ಕಲ್ಲು ಬಡಿಯಿತು, ಪತ್ರಾಕ್ಕೆ ಒಂದು ತಗ್ಗು ಬಿತ್ತು ಅಷ್ಟೇ, ಗಾಡಿಗೆ ಏನೂ ಆಗಲಿಲ್ಲ ಎಂದು ಎಲ್ಲರ ಮುಂದೆ ನನ್ನನ್ನು ಹೊಗಳಿದರು. ಆ ತಗ್ಗು ಎಲ್ಲಿ ಬಿದ್ದಿದೆ ಎಂದು ನಾನು ಬಗ್ಗಿ ನೋಡಲಿಲ್ಲ.

ಶ್ರಾವಣದಲ್ಲಿ ಮಳೆ ಮತ್ತೆ ಬಂತು. ಗುಡ್ಡದ ಮೇಲೆ ಹುಲ್ಲು ಚಿಗುರಿತು. ಹಸಿ ಹುಲ್ಲು ಜಾಸ್ತಿ ತಿಂದು ಕುರಿಗಳ ಹೊಟ್ಟೆ ಉಬ್ಬರಿಸುವ ಕಾಲ ಅದು. ಅಂಥ ಒಂದು ದಿನ ಸೋನ್ಯಾಳದ ಆಚೆಯ ಹಟ್ಟಿಯಿಂದ ಬಾಯಾರಿಗೆ ಕರೆ ಬಂತು. ಸಿದಗೊಂಡ ಎಂಬ ಕುರಿಗಾರನ ಬೀಜದ ಟಗರು, ಮಾಡಗ್ಯಾಳದ ಅಸಲು ತಳಿಯದ್ದು, ಗಿಣಿಮೂಗು, ಉದ್ದ ಕಿವಿ, ಸುತ್ತಲಿನ ಊರಿನವರೆಲ್ಲ ನೋಡಲು ಬರುತ್ತಿದ್ದ ಟಗರು. ಅದು ಹೊಟ್ಟೆ ಉಬ್ಬಿ ಮಲಗಿತ್ತು. ಬಾಯಾರೂ ಕಾಕಾರೂ ಕೂಡಲೇ ಹೊರಟರು.

ನಾನು ಆ ಹೊತ್ತಿಗೆ ಮದುವೆ ನಡೆಯುವ ಒಂದು ಮಂಗಲ ಕಾರ್ಯಾಲಯದಲ್ಲಿ ದೊಡ್ಡ ಗೇಟು ಕೂರಿಸುತ್ತಿದ್ದೆ. ಫೋನು ಬಡಿಯಿತು. ಕಾಕಾ.

"ಮಲ್ಲಪ್ಪಾ, ಸುಟ್ಟ ವಾಸ ಬರಾಕತ್ತೈತಿ. ಗಾಡಿ ನಿಂದ್ರಿಸೀನಿ. ಕಡ್ಡಿ ಅರ್ಧಾ ತೋರಸ್ತೈತಿ, ಮುಂಜಾನಿ ಪೂರಾ ಇತ್ತು. ಆಯಿಲ್ ಖಾಲಿ ಹೊಂಟೈತಿ. ನೆಲದ ಮ್ಯಾಲ ಒಂದ ಹನಿ ಇಲ್ಲ. ನಿನ್ನ ಪತ್ರಾದಾಗ ನಿಂತಂಗ ಕಾಣತೈತಿ. ಏನ ಮಾಡ್ಲಿ?"

ಆಯಿಲ್ ಕೆಳಕ್ಕೆ ಇಳಿಯುತ್ತಿದೆ. ಅದು ನನಗೆ ಅರ್ಥವಾಯಿತು. ಎಲ್ಲಿ ಇಳಿಯುತ್ತಿದೆ, ಯಾಕೆ ಕಾಣುತ್ತಿಲ್ಲ ಎಂಬುದೂ ಅರ್ಥವಾಯಿತು. ಗಾಡಿ ಬಂದ್ ಮಾಡಿ ಅಲ್ಲೇ ನಿಲ್ಲಿ, ನಾನು ಬರುತ್ತೇನೆ ಎನ್ನಬೇಕಿತ್ತು. ಹೋದರೆ ಗ್ರೈಂಡರ್ ಒಯ್ದು ಬಾಯಾರ ಕಣ್ಣೆದುರೇ ನನ್ನ ಬೋಲ್ಟು ಕತ್ತರಿಸಬೇಕು, ಕಣ್ಣು ಯಾಕೆ ಬಿಡಲಿಲ್ಲ ಎಂದು ಹೇಳಬೇಕು.

"ಹೊಸಾ ಬಣ್ಣ ಸುಟ್ಟ ವಾಸ ಅದು ಕಾಕಾ. ಅರ್ಧಾ ಇದ್ರ ಸಾಕು, ಹೊಡೀರಿ. ಅಂಜಬ್ಯಾಡ್ರಿ."

"ಖಾತ್ರಿ ಏನು?"

"ಖಾತ್ರಿ."

ಬಾಯಾರು ಆಗ ಗಾಡಿಯಿಂದ ದೂರ ನಿಂತು, ಸಿದಗೊಂಡನ ಜೊತೆ ತಮ್ಮ ಫೋನಿನಲ್ಲಿ ಮಾತಾಡುತ್ತಿದ್ದರಂತೆ. ನಮ್ಮಿಬ್ಬರ ಮಾತು ಅವರ ಕಿವಿಗೆ ಬೀಳಲಿಲ್ಲ. ಕಾಕಾ ನನ್ನ ಮಾತು ನಂಬಿ ಗಾಡಿ ಹೊಡೆದರು. ಆಯಿಲ್ ಇಳಿದರೆ ಹತ್ತಬೇಕಾದ ದೀಪ ಜೀಪನ್ನು ಕೊಂಡಾಗಿನಿಂದಲೇ ಕೆಟ್ಟಿತ್ತು. ಎರಡು ದಿಬ್ಬ ದಾಟುವಷ್ಟರಲ್ಲಿ ಎಂಜಿನ್ ಕಚ್ಚಿಕೊಂಡು ನಿಂತಿತು. ಬಾಯಾರು ಬ್ಯಾಗು ಹೆಗಲಿಗೇರಿಸಿ ಕಲ್ಲಿನಲ್ಲಿ ಓಡುತ್ತ ಹಟ್ಟಿ ಮುಟ್ಟಿದಾಗ ಟಗರಿನ ಕಣ್ಣು ತೆರೆದೇ ಇತ್ತು, ಜೀವ ಇರಲಿಲ್ಲ.

ಮಧ್ಯಾಹ್ನದ ಮೇಲೆ ಟ್ರ್ಯಾಕ್ಟರಿಗೆ ಕಟ್ಟಿ ಜೀಪನ್ನು ನನ್ನ ವರ್ಕ್‌ಶಾಪಿಗೆ ಎಳೆದು ತಂದರು. ಕಾಕಾ ಬಾಯಾರನ್ನು ಮನೆಗೆ ಮುಟ್ಟಿಸಲು ಹೋಗಿದ್ದರು. ನಾನೊಬ್ಬನೇ ಇದ್ದೆ. ಬೋಲ್ಟು ಕತ್ತರಿಸಿ ಪತ್ರಾ ಇಳಿಸಿದೆ. ಅದರ ತುಂಬ ಆಯಿಲ್, ಉಣ್ಣೆ, ಒಣಹುಲ್ಲು ಕಲಸಿಕೊಂಡು ಕರಿ ಮುದ್ದೆಯಾಗಿ ನಿಂತಿತ್ತು, ಒಂದು ಮೂಲೆಯಲ್ಲಿ ಹೊತ್ತಿ ಹೊಗೆಯಾಡಿದ ಗುರುತು. ಬಿಳೂರ ಹಳ್ಳದ ಕಲ್ಲು ಬಡಿದ ತಗ್ಗು ನೇರವಾಗಿ ಚೇಂಬರ್ ನಟ್ಟಿನ ಮಟ್ಟದಲ್ಲಿತ್ತು. ಎರಡು ಬೆರಳು ಸಂದು ಮುಚ್ಚಿಹೋಗಿ, ಪತ್ರಾ ನಟ್ಟಿಗೆ ಉಜ್ಜಿ ಉಜ್ಜಿ ಅದನ್ನು ಸಡಿಲ ಮಾಡಿತ್ತು. ನಾಲ್ಕು ಬೆರಳು ಬಿಟ್ಟಿದ್ದರೆ ತಾಗುತ್ತಿರಲಿಲ್ಲ. ಕಣ್ಣು ಬಿಟ್ಟಿದ್ದರೆ ಅಲ್ಲಿ ತಾಗಲು ಪತ್ರಾವೇ ಇರುತ್ತಿರಲಿಲ್ಲ.

ಆಗ ನಾನು ಮಾಡಿದ್ದನ್ನು ಬರೆಯಲು ಈಗಲೂ ಕೈ ಏಳುವುದಿಲ್ಲ. ಆ ಮುದ್ದೆಯನ್ನೆಲ್ಲ ಕೆರೆದು ಹಿತ್ತಲಲ್ಲಿ ಹುಗಿದೆ. ಪತ್ರಾವನ್ನು ಡೀಸೆಲ್ಲಿನಿಂದ ತೊಳೆದೆ. ಆಮೇಲೆ, ಅಳಿಸಿಹೋಗಿದ್ದ ಆ ದುಂಡು ಗೆರೆಯನ್ನು ಮತ್ತೆ ಅಳೆದು ಎಳೆದು, ತಗ್ಗಿದ್ದ ಜಾಗವನ್ನೇ ಕೊರೆದು ತೆಗೆದು, ಬಟ್ಟಲಗಲ ಕಣ್ಣು ಬಿಟ್ಟೆ. ಅಂಚು ಉಜ್ಜಿ, ಬಣ್ಣ ಬಳಿದು, ಹೊಸ ಬೋಲ್ಟು ಹಾಕಿ ಪತ್ರಾವನ್ನು ಮೊದಲಿನ ಜಾಗಕ್ಕೇ ಕೂರಿಸಿದೆ. ಕಾಕಾ ಮೂರು ಸಲ ಬಂದು ಕೇಳಿದಾಗ ಆಗದ ಕೆಲಸ ಆ ಸಂಜೆ ಕಾಲು ತಾಸಿನಲ್ಲಿ ಆಯಿತು.

ಮರುದಿನ ಮುಂಜಾನೆ ಬಾಯಾರು ಬಂದರು, ಹಿಂದೆ ಕಾಕಾ, ಅವರ ಹಿಂದೆ ಸಿದಗೊಂಡ. ಬಾಯಾರು ನೇರ ಕೇಳಿದರು: "ಆಯಿಲ್ ಎಲ್ಲಿ ಹೋತು ಮಲ್ಲಪ್ಪ?"

"ಚೇಂಬರ್ ನಟ್ ಸಡಲಾಗಿತ್ರಿ ಬಾಯಾರ. ಹನಿಹನಿ ಕಣ್ಣಿನಾಗಿಂದ ಸೋರೇತಿ. ಮುಂಜಾನಿ ನೆಲಾ ನೋಡಿದ್ರ ತಿಳೀತಿತ್ತು."

ಬೀರಪ್ಪ ಕಾಕಾ ನೆಲ ನೋಡಲಿಲ್ಲ ಎಂದು ಹೇಳಿದ ಒಬ್ಬನೇ ಮನುಷ್ಯ ನಾನು.

ಕಾಕಾ ತಿರುಗಿ ನನ್ನನ್ನು ನೋಡಿದರು. ಬಾಯಾರು ಅವರನ್ನು ಕೇಳಿದರು: "ಕಾಕಾ, ನೀವು ಇವ್ರಿಗೆ ಫೋನ್ ಮಾಡಿದ್ದಿರಂತ. ಏನಂತ ಹೇಳಿದ್ರಿ?"

"ಆಯಿಲ್ ಖಾಲಿ ಹೊಂಟೈತಿ ಅಂತ ಹೇಳಿದ್ನಿರಿ."

ಬಾಯಾರ ಹುಬ್ಬು ಮೇಲೇರಿತು. ಮರಾಠಿ ಅವರಿಗೆ ಇನ್ನೂ ಒಗ್ಗಿರಲಿಲ್ಲ. "ಖಾಲಿ ಆಗಾಕತ್ತೈತಿ ಅಂತ ಗೊತ್ತಿದ್ದೂ ಗಾಡಿ ಹೊಡದ್ರಿ?"

"ಹಂಗಲ್ರಿ ಬಾಯಾರ. ಖಾಲಿ ಅಂದ್ರ ಖಾಲಿ ಅಲ್ರಿ. ಖಾಲಿ!" ಕಾಕಾ ಅಂಗೈಯನ್ನು ನೆಲದ ಕಡೆ ಒತ್ತಿ ಒತ್ತಿ ತೋರಿಸಿದರು. "ಖಾಲಿ ಅಂದ್ರ... ಖಾಲಿ ರೀ!" ಗಾಬರಿಯಲ್ಲಿ ಅವರಿಗೆ ಕೆಳಗೆ ಎಂಬ ಕನ್ನಡ ಶಬ್ದ ಬಾಯಿಗೆ ಬರಲಿಲ್ಲ. ದಿನಕ್ಕೆ ನೂರು ಸಲ ಆಡುವ ಶಬ್ದ.

ಸಿದಗೊಂಡ ಹೋ ಎಂದು ನಕ್ಕ. ಅವನು ಸೋನ್ಯಾಳದವನೇ, ಅವನಿಗೂ ಅರ್ಥವಾಗಿತ್ತು. ಆದರೆ ಟಗರು ಸತ್ತ ಸಿಟ್ಟಿನಲ್ಲಿದ್ದ. "ಖಾಲಿ ಅಂದ್ರ ಖಾಲಿ ಅಲ್ಲಂತ! ತಲಿ ಖಾಲಿ ಆಗೇತಿ ಮುದುಕಂದು!" ಎಂದ.

ಬಾಯಾರು ನನ್ನ ಕಡೆ ತಿರುಗಿದರು. "ಮಲ್ಲಪ್ಪ, ನಿಮಗೇನಂತ ಅರ್ಥ ಆತು?"

ಒಂದೇ ಮಾತು ಸಾಕಿತ್ತು. ಕೆಳಗೆ, ಬಾಯಾರ, ಅವರು ಹೇಳಿದ್ದು ಕೆಳಗೆ ಅಂತ. ಇಷ್ಟು ಹೇಳಿದ್ದರೆ ಆಗುತ್ತಿತ್ತು. ಕಾಕಾ ಅದನ್ನು ನನ್ನ ಬಾಯಿಂದ ಕೇಳಲು ಕಾಯುತ್ತಿದ್ದರು. ಅವರ ಮುಖದಲ್ಲಿ ಸಂಶಯವೇ ಇರಲಿಲ್ಲ.

"ಆಯಿಲ್ ಮುಗದೈತಿ ಅಂದ್ರು ಅಂತ ತಿಳಕೊಂಡೆ ರೀ. ಹಾಕ್ಕೊಂಡ ಹೋಗ್ರಿ ಅಂದೆ."

"ಹಂಗಂದಿ?" ಎಂದರು ಕಾಕಾ. ಅಷ್ಟೇ. ಸಿಟ್ಟಿನಲ್ಲಿ ಅಲ್ಲ, ತಮ್ಮ ನೆನಪಿನ ಮೇಲೆಯೇ ಅನುಮಾನ ಬಂದವರಂತೆ ಕೇಳಿದರು. ನಾನು ಹೌದೆಂದು ತಲೆ ಆಡಿಸಿದೆ.

ಅವರು ಜೀಪಿನ ಹತ್ತಿರ ಹೋಗಿ, ಅಡಿಗೆ ಬಗ್ಗಿ, ನಾನು ಬಿಟ್ಟ ಕಣ್ಣಿನ ಅಂಚಿನ ಮೇಲೆ ಬೆರಳಾಡಿಸಿದರು. ಹೊರಗೆ ತೆಗೆದಾಗ ಬೆರಳಿಗೆ ಹಸಿ ಕರಿ ಬಣ್ಣ ಹತ್ತಿತ್ತು. ಎಂದಿನಂತೆ ಅದನ್ನು ಮೂಗಿಗೆ ಹಿಡಿದು ನೋಡಿದರು. ಆಮೇಲೆ ಪೈಜಾಮಕ್ಕೆ ಒರೆಸಿಕೊಂಡು, ಜೀಪಿನ ಚಾವಿಯನ್ನು ಬಾನೆಟ್ಟಿನ ಮೇಲೆ ಇಟ್ಟರು. ಬಾಯಾರು ಒರಟಾಗಿ ಮಾತಾಡುವವರಲ್ಲ. "ಕಾಕಾ, ವಯಸ್ಸಾತು ನಿಮಗ. ಇನ್ನ ಸ್ವಲ್ಪ ಆರಾಮ ಮಾಡ್ರಿ" ಎಂದರು. ಕಾಕಾ "ಬರ್ತೀನ್ರಿ ಬಾಯಾರ" ಎಂದು ಕೈ ಮುಗಿದು ರಸ್ತೆ ಹಿಡಿದು ನಡೆದರು.

ಮುಂದಿನ ಸಂತೆಯ ಹೊತ್ತಿಗೆ ಮಾಡಗ್ಯಾಳದಲ್ಲಿ ಅವರ ಹೆಸರು ಖಾಲಿ ಕಾಕಾ ಎಂದು ಆಗಿಹೋಗಿತ್ತು. ಅದನ್ನು ಹಬ್ಬಿಸಿದವನು ಸಿದಗೊಂಡ. ಅಂಗೈ ನೆಲಕ್ಕೆ ಒತ್ತಿ, "ಖಾಲಿ ಅಂದ್ರ ಖಾಲಿ ಅಲ್ರಿ, ಖಾಲಿ!" ಎಂದು ಅಣಕಿಸಿ ತೋರಿಸಿದರೆ ಚಹಾದ ಅಂಗಡಿಯೇ ನಗುತ್ತಿತ್ತು. ಆಯಿಲ್ ನೋಡದೆ ಎಂಜಿನ್ ಸುಟ್ಟ ಡ್ರೈವರ್ ಎಂದು ಯಾರೂ ಅವರ ಕೈಗೆ ಸ್ಟೇರಿಂಗ್ ಕೊಡಲಿಲ್ಲ. ಅವರು ಅಣ್ಣನ ಹಿಂಡಿನ ಜೊತೆ ಮತ್ತೆ ಕುರಿ ಕಾಯಲು ಹೋದರು.

ಈ ಕಡೆ ನನ್ನ ಹೆಸರು ಬೆಳೆಯಿತು. ಅಡಿ ಕವಚಕ್ಕೆ ಕಣ್ಣು ಬಿಡುವ ಮಲ್ಲಪ್ಪ ಎಂದು. ಪಿಕಪ್, ಜೀಪು, ಟ್ರ್ಯಾಕ್ಟರು, ಎಲ್ಲದಕ್ಕೂ ಕಣ್ಣಿನ ಪತ್ರಾ ಬೇಕು ಎಂದು ಬಂದರು. ಬಾಯಾರ ಜೀಪಿಗೆ ಹೊಸ ಎಂಜಿನ್ ಕೂರಿಸಿದ ಮೇಲೆ ಅದಕ್ಕೂ ಮೂರು ತುಂಡಿನ ಹೊಸ ಕವಚ ಮಾಡಿಕೊಟ್ಟೆ. ಮೂರು ಎಂಎಂ, ಒಳಗೆ ಪಟ್ಟಿ, ನಾಲ್ಕು ಬೆರಳು ಸಂದು. "ಭಾಳ ವಿಚಾರ ಮಾಡಿ ಮಾಡೀರಿ" ಎಂದು ಬಾಯಾರು ಮೆಚ್ಚಿಕೊಂಡರು. ವಿಚಾರ ಯಾರದೆಂದು ನಾನು ಹೇಳಲಿಲ್ಲ. ಇನ್ನೂ ಒಂದನ್ನು ಹೇಳಿಬಿಡುತ್ತೇನೆ. ಒಮ್ಮೆ ಹೊರಗಿನ ವ್ಯಾಪಾರಿಯೊಬ್ಬ, ಆ ಮುದುಕನಿಗೆ ಖಾಲಿ ಕಾಕಾ ಎಂದು ಯಾಕೆ ಹೆಸರು ಬಂತು ಎಂದು ಕೇಳಿದಾಗ, ಆ ಕಥೆಯನ್ನು ಅವನಿಗೆ ನಾನೇ ಹೇಳಿದೆ, ಅಂಗೈ ಒತ್ತಿ ತೋರಿಸಿಯೇ ಹೇಳಿದೆ. ಚೆನ್ನಾಗಿಯೇ ಅಣಕಿಸಿದೆ.

ಹೋದ ತಿಂಗಳು ಆ ಪಿಕಪ್ಪಿನ ಅಡಿಯಿಂದ ಎದ್ದು ಬಂದವನು ಕೆಲಸ ಅಲ್ಲಿಗೇ ಬಿಟ್ಟು ಬೈಕು ಹತ್ತಿದೆ. ಸೋನ್ಯಾಳದ ಆಚೆ ಗಾಳಿಫ್ಯಾನುಗಳು ತಿರುಗುವ ಗುಡ್ಡದ ಬುಡದಲ್ಲಿ ಕಾಕಾರ ಹಿಂಡು ಸಿಕ್ಕಿತು. ಅವರು ಕಂಬಳಿ ಹಾಸಿಕೊಂಡು ಬೇಲಿಯ ನೆರಳಲ್ಲಿ ಕೂತಿದ್ದರು. ಬಹಳ ಇಳಿದಿದ್ದರು.

"ಬಾ ಮಲ್ಲಪ್ಪಾ, ಕುಂದ್ರು" ಎಂದರು. ಮೂರು ವರ್ಷದಲ್ಲಿ ನಾನು ಅವರ ಎದುರಿಗೆ ಕೂತದ್ದು ಅದೇ ಮೊದಲು.

ಎಲ್ಲವನ್ನೂ ಹೇಳಿದೆ. ಡ್ರಿಲ್ಲಿನ ಬಿಟ್ಟು ಮುರಿದಿರಲಿಲ್ಲ ಎಂಬುದರಿಂದ ಹಿಡಿದು ಹಿತ್ತಲಲ್ಲಿ ಹುಗಿದ ಮುದ್ದೆಯವರೆಗೆ. ಹೇಳುತ್ತ ಅತ್ತೆ. ಅತ್ತಾಗ ಹಗುರವಾಯಿತು ಎಂಬುದೂ ನಿಜ, ಅದಕ್ಕೂ ನಾಚಿಕೆಯಾಗುತ್ತದೆ. ಕಾಕಾ ನಡುವೆ ಒಂದು ಸಲ ಎದ್ದು, ಹೊಲಕ್ಕೆ ನುಗ್ಗಿದ ಕುರಿ ತಿರುಗಿಸಿ ಬಂದು ಮತ್ತೆ ಕೂತರು.

"ಇದೆಲ್ಲಾ ನಂಗ ಗೊತ್ತಿದ್ದದ್ದ ಐತಿ" ಎಂದರು. "ಅವತ್ತ ಬೆರಳಿಗೆ ಬಣ್ಣ ಹತ್ತಿತ್ತಲ್ಲ. ಗೊತ್ತಿದ್ದಾಂವಗ ಯಾಕ ಹೇಳಾಕ ಬಂದಿ?"

"ಬಾಯಾರಿಗೂ ಹೇಳ್ತೀನ್ರಿ ಕಾಕಾ."

"ಬಾಯಾರಿಗೆ ಹೇಳಿದ್ರ ಏನ ಆಕ್ಕೈತಿ? ಇನ್ನ ನಾ ಗಾಡಿ ಹೊಡ್ಯಾಂವಲ್ಲ, ಕಣ್ಣ ಮಂಜಾಗ್ಯಾವ. ಸಂತ್ಯಾಗ ಹೇಳು. ನನ್ನ ಹೆಸರ ಹೋಗಿದ್ದ ಅಲ್ಲಿ." ಅವರು ಕಂಬಳಿಯ ಒಂದು ಎಳೆ ಹಿರಿದು ತೆಗೆದರು. "ಮೊಮ್ಮಗಳ ಸಾಲಿಗೆ ಹೊಂಟಾಳ ಈ ವರ್ಸ. ಖಾಲಿ ಮೊಮ್ಮಗಳ ಅಂತ ಕರದ್ರಂತ. ಅಜ್ಜಾ, ನೀ ಏನ ಖಾಲಿ ಮಾಡಿದಿ ಅಂತ ಕೇಳತಾಳ. ನಾ ಏನ ಹೇಳ್ಲಿ?"

"ಬರೂ ಸಂತಿಗೆ ಬರ್ತೀನ್ರಿ. ಎಲ್ಲಾರ ಮುಂದ ಹೇಳ್ತೀನಿ."

"ಖಾತ್ರಿ ಏನು?" ಎಂದು ಕೇಳಿದರು.

"ಖಾತ್ರಿ ರೀ" ಎಂದೆ.

ಸಂತೆಯ ದಿನ ಹೋದೆ. ದಾರಿಯುದ್ದಕ್ಕೂ ಬೈಕಿನ ಮೇಲೆ ಆ ಮಾತನ್ನು ಗಟ್ಟಿಯಾಗಿ ಆಡಿ ಆಡಿ ರೂಢಿ ಮಾಡಿಕೊಂಡೆ. ಕಾಕಾರ ತಪ್ಪಿಲ್ಲ, ಪತ್ರಾದ ತಪ್ಪು, ಪತ್ರಾ ಮಾಡಿದವನು ನಾನು. ಇಷ್ಟೇ ಮಾತು. ಕುರಿಗಳ ಧೂಳಿನ ನಡುವೆ ವ್ಯಾಪಾರಿಗಳು ಟವೆಲ್ಲಿನೊಳಗೆ ಬೆರಳು ಹಿಡಿದು ಚೌಕಾಶಿ ಮಾಡುತ್ತಿದ್ದರು. ಚಹಾದ ಅಂಗಡಿಯ ಬೆಂಚಿನ ಮೇಲೆ ಏಳೆಂಟು ಜನ ಕೂತಿದ್ದರು. ಸಿದಗೊಂಡ ಇದ್ದ. ಅವನ ಪಕ್ಕದಲ್ಲಿ ತನ್ನ ಮೂರು ಪಿಕಪ್ಪಿಗೆ ಕಣ್ಣಿನ ಪತ್ರಾ ಮಾಡಿಸಬೇಕೆಂದಿದ್ದ ದೊಡ್ಡ ವ್ಯಾಪಾರಿ ಇದ್ದ. ನನ್ನನ್ನು ಕಂಡು ಅವನು ಸರಿದು ಜಾಗ ಮಾಡಿಕೊಟ್ಟ. ನಾನು ಕೂತೆ.

ಅಷ್ಟರಲ್ಲಿ ಕಾಕಾ ಬಂದರು. ಒಗೆದ ಅಂಗಿ, ಹೊಸ ಬಿಳಿ ಟೋಪಿ. ಅವರ ಕೈ ಹಿಡಿದು ಶಾಲೆಯ ಅಂಗಿ ತೊಟ್ಟ ಸಣ್ಣ ಹುಡುಗಿ. ಆ ದಿನದ ಶಾಲೆ ತಪ್ಪಿಸಿ ಕರೆತಂದಿದ್ದರು. ಬೆಂಚಿನ ಎದುರಿಗೆ, ನಾನು ಕೂತ ಕಡೆಗೆ ಮುಖ ಮಾಡಿ, ಮೊಮ್ಮಗಳನ್ನು ಮುಂದೆ ನಿಲ್ಲಿಸಿಕೊಂಡು ನಿಂತರು.

"ಬಾ ಖಾಲಿ ಕಾಕಾ!" ಎಂದ ಸಿದಗೊಂಡ. "ಚಹಾ ಕುಡೀತಿಯೋ, ಇಲ್ಲಾ ಖಾಲಿ ಕಪ್ ಕೊಡ್ಲೋ?"

ಬೆಂಚು ಪೂರ್ತಿ ನಕ್ಕಿತು. ಪಕ್ಕದ ವ್ಯಾಪಾರಿ ನನ್ನ ಬೆನ್ನಿಗೆ ಗುದ್ದಿ, "ಅಂಗೈ ಮಾಡಿ ತೋರಸೋ ಮಲ್ಲಪ್ಪ, ನೀ ಚಲೋ ಮಾಡ್ತಿ" ಎಂದ. ಕಾಕಾ ಅವರನ್ನು ಯಾರನ್ನೂ ನೋಡಲಿಲ್ಲ. ಹುಡುಗಿಯ ಹೆಗಲ ಮೇಲೆ ಕೈ ಇಟ್ಟು, ನನ್ನನ್ನೇ ನೋಡುತ್ತ ಕಾಯುತ್ತಿದ್ದರು. ಅಜ್ಜ ಯಾರನ್ನು ನೋಡುತ್ತಿದ್ದಾನೆಂದು ಹುಡುಗಿಯೂ ನನ್ನ ಮುಖ ನೋಡಿದಳು. ನಾನು ಎಲ್ಲರ ಜೊತೆ ನಗುತ್ತಿದ್ದೆ.